ಎಂಬತ್ತು ಸಾವಿರದ ಗೇಮಿಂಗ್ ಪಿಸಿಯನ್ನು ಭಾವ ಮೂಸಿದ್ದು

ಗೆಳೆಯರೇ, ಎಂಬತ್ತು ಸಾವಿರದ ಗೇಮಿಂಗ್ ಪಿಸಿ ಕೊಳ್ಳಲು ಹೊರಟಾಗ ತಂಬಾಕು ಬೆಳೆಯುವವರನ್ನು ಜೊತೆಗೆ ಕರೆದೊಯ್ಯಬೇಡಿ. ಇವತ್ತು ನಾನು ಅಕ್ಕನ ಗಂಡನನ್ನು ಹುಣಸೂರಿನ ಅಂಗಡಿಗೆ ಕರೆದುಕೊಂಡು ಹೋಗಿದ್ದೆ.

ಕೈಯಲ್ಲಿ ಹಿಡಿದು ಆಡುವ ಆ ಪುಟ್ಟ ಕಂಪ್ಯೂಟರಿನಲ್ಲಿ ಕಾರ್ ರೇಸು ಎಲ್ಲೂ ತಡವರಿಸದೆ ಓಡುತ್ತಿತ್ತು. ನಾನಾಗಲೇ ಮನಸೋತಿದ್ದೆ. ಭಾವ ಮಾತ್ರ ಅದನ್ನು ತಂಬಾಕಿನ ಮೂಟೆ, ಅಂದರೆ ಬೇಲ್, ಪರೀಕ್ಷಿಸುವಂತೆ ಎತ್ತಿ ತೂಗಿದರು, ತಿರುಗಿಸಿದರು, ಬಿಸಿಗಾಳಿ ಬರುವ ಕಿಂಡಿಗೆ ಮೂಗಿಟ್ಟು ಮೂಸಿದರು.

"ಮೂಸೋ ಸಾಮಾನಲ್ಲ ಕಣಣ್ಣ ಇದು" ಎಂದರು ಅಂಗಡಿಯವರು.

"ಇರ್ಲಿ. ನಾವು ಬಂದಾಗಿಂದ ಈ ಚಾರ್ಜರ್ ವೈರು ಯಾಕೆ ಚುಚ್ಕೊಂಡೇ ಅದೆ? ಒಸಿ ಕೀಳಿ, ನೋಡವ."

ಒಲ್ಲದ ಮನಸ್ಸಿನಿಂದ ಕಿತ್ತರು. ನಾವು ಟೀ ತರಿಸಿ ಕುಡಿಯುವಷ್ಟರಲ್ಲಿ ಕಾಲುಭಾಗ ಬ್ಯಾಟರಿ ಖಾಲಿಯಾಗಿ, ಚಾರ್ಜರಿನ ಬಲವಿಲ್ಲದೆ ಕಾರುಗಳು ಮುಗ್ಗರಿಸತೊಡಗಿದವು.

"ಮನೇಲಿ ಚಾರ್ಜರ್ ಹಾಕ್ಕೊಂಡೇ ಆಡ್ಬೋದಲ್ಲ?" ಎಂದರು ಅಂಗಡಿಯವರು.

"ಗೋಡೆ ಪಕ್ಕ ಕೂತೇ ಆಡೋದಾದ್ರೆ ಇದನ್ಯಾಕೆ ತಗೋಬೇಕು?" ಎಂದು ಭಾವ ಎದ್ದೇಬಿಟ್ಟರು.

ಬಸ್ಸಿನಲ್ಲಿ, ನಿಮಗೆ ಅನುಮಾನ ಬಂದದ್ದು ಹೇಗೆ ಎಂದು ಕೇಳಿದೆ.

"ಅರಾಜು ಕೂಗ್ಸಿ ಮಾರಕ್ಕೆ ಬೇಲ್ ಕಟ್ಟುವಾಗ ಚೆಂದದ ಎಲೆ ಮೇಲೆ ಜೋಡ್ಸಿ, ಕಪ್ಪಾಗಿರೋದನ್ನ ಒಳಕ್ಕೆ ತುರುಕ್ತೀವಿ ಕಣ್ಲಾ. ಮಾರೋನು ಏನು ಬಚ್ಚಿಡ್ತಾನೆ ಅಂತ ನಂಗೊತ್ತಿಲ್ವಾ?"

ಖುಷಿಯಿಂದಲೇ ಮನೆಗೆ ಬಂದೆ. ಅಂಗಳದಲ್ಲಿ ನಿಂತಿದ್ದ, ದಿನಾ ಬೆಳಗ್ಗೆ ಹತ್ತು ಸಲ ಒದ್ದರೂ ಸ್ಟಾರ್ಟ್ ಆಗದ ನನ್ನ ಬೈಕು ಕಣ್ಣಿಗೆ ಬಿತ್ತು. ಹೋದ ವರ್ಷ ಅದನ್ನು ನನಗೆ ಮಾರಿದ್ದು ಇದೇ ಭಾವ. ಅವತ್ತು ನಾನು ನೋಡಲು ಹೋಗುವ ಹೊತ್ತಿಗೆ ಅದರ ಎಂಜಿನ್ ಆಗಲೇ ಚಾಲೂ ಇತ್ತು.