ಕಂಸ ಬೇಡವೆಂದವನು ನಾನೇ

ಆ ಆಟದಲ್ಲಿ ನಾನು ದೊರೆ. ಸುರಪುರದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಆರು ಜನರ ರಾಜ್ಯ ಆಳುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪಾತ್ರದ ಮಾತನ್ನು ಟೈಪ್ ಮಾಡುತ್ತ ಕಥೆ ಬೆಳೆಸಬೇಕು. ಸ್ವಂತ ಮಾತಿದ್ದರೆ ಕಂಸದೊಳಗೆ, ಅಂದರೆ ಬ್ರ್ಯಾಕೆಟ್ಟಿನಲ್ಲಿ, ಹಾಕಬೇಕೆಂದು ಇಂಥ ಆಟಗಳ ನಿಯಮ. ಅದನ್ನು ತೆಗೆದುಹಾಕಿದ ಶಾಣ್ಯಾ ನಾನೇ. "ಕಂಸ ಯಾಕ್ರಿ? ದರಬಾರದಾಗ ಪುಸ್ತಕದ ಕನ್ನಡ, ಖಾಸಗಿ ಮಾತು ನಮ್ಮ ಭಾಷಾದಾಗ. ತಾನ ಗೊತ್ತಾಗ್ತದ" ಎಂದಿದ್ದೆ.

ತಿಂಥಣಿಯ ಗೆಳೆಯನೊಬ್ಬ, ಮೀನು ಹಿಡಿಯುವ ಮನೆಯವನು, ಅಂಬಿಗನ ಪಾತ್ರ ಮಾಡುತ್ತಿದ್ದ. ಪುಸ್ತಕದ ಕನ್ನಡ ಅವನಿಗೆ ಒಗ್ಗಲಿಲ್ಲ. ಎರಡು ದಿನ ಚೇಷ್ಟೆ ಮಾಡಿ ನಕ್ಕು, ಕೊನೆಗೆ ನಾನೇ ಉದಾರನಾದೆ: "ಅಂಬಿಗ ಹ್ಯಾಂಗ ಮಾತಾಡ್ತಾನ, ಹಂಗ ಮಾತಾಡಪ್ಪ." ಅಲ್ಲಿಗೆ ಅವನ ಮಾತಿಗೂ ಅಂಬಿಗನ ಮಾತಿಗೂ ನಡುವೆ ಗೆರೆಯೇ ಉಳಿಯಲಿಲ್ಲ. ನನಗದು ತೋಚಲೂ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ದರಬಾರು ರಂಗೇರಿತ್ತು. ತಿಂಥಣಿಯ ಗೆಳೆಯನ ಫೋನ್ ಬಂತು. ಆಟದ ನಡುವೆ ಎಂಥ ಫೋನು ಎಂದು ಸಿಟ್ಟಿನಿಂದ ಕಟ್ ಮಾಡಿದೆ. ತಕ್ಷಣ ಆಟದಲ್ಲೇ ಬರೆದ: "ಅವ್ವಗ ಉಸರಾಡಾಕ ಆಗವಲ್ತು. ಕೈ ಮುಗಿತೀನ್ರಿ, ಗಾಡಿ ಕಳಿಸ್ರಿ." ನನ್ನ ಕಾರು ಅಂಗಳದಲ್ಲೇ ನಿಂತಿತ್ತು. ನಾನು ಬರೆದೆ: "ಅಂಬಿಗನ ತಾಯಿಗೆ ಅರಮನೆಯ ರಥವೇ? ಹರಿಗೋಲಿನಲ್ಲಿ ಹಾಕಿಕೊಂಡು ಹೋಗು!" ಎಲ್ಲರೂ ನಗುವ ಮುಖಗಳನ್ನು ಒತ್ತಿದರು. ಅಂಬಿಗ ಮತ್ತೆ ಬರೆಯಲಿಲ್ಲ. ಆಟ ಬಿಟ್ಟು ಓಡಿದನಲ್ಲ ಎಂದು ಬೈದೆ ಬೇರೆ.

ಕಾಲುವೆಗೆ ನೀರು ಬಿಟ್ಟ ವಾರ ಅದು. ಅವನ ಊರಿನ ಟ್ರ್ಯಾಕ್ಟರುಗಳೆಲ್ಲ ಗದ್ದೆಯ ಕೆಸರಿನಲ್ಲಿದ್ದವು. ಒಂದನ್ನು ಹೇಗೋ ಹೊರಡಿಸಿ, ಟ್ರೇಲರಿನಲ್ಲಿ ತಾಯಿಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದನೆಂದು ಮೂರು ದಿನದ ಮೇಲೆ ಅವನ ಊರಿನವರೊಬ್ಬರು ಹೇಳಿದರು. ಥೂ, ನನ್ನ ಜನ್ಮಕ್ಕಿಷ್ಟು! ನಾಚಿಕೆಯಿಂದ ಆ ದಿನ ಊಟ ಸೇರಲಿಲ್ಲ.

ಅವನ ತಾಯಿ ಬದುಕಿ ಮನೆಗೆ ಬಂದ ಮೇಲೆ ತಿಂಥಣಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿದ್ದೆ. ಆಕೆ ಗೋಡೆಗೆ ಒರಗಿ ಕುಳಿತೇ ಕೇಳಿದಳು: "ಬರ್ರಿ. ನನ್ನ ಮಗ ಆವತ್ತ ನಿಮ್ಮ ಗಾಡಿ ಬೇಡಿದ್ದ. ನಿಮಗ ಮುಟ್ಟಲಿಲ್ಲೇನ್ರಿ?"

"ಇಲ್ಲಬೇ, ಸಿಗ್ನಲ್ ಇರಲಿಲ್ಲ" ಎಂದುಬಿಟ್ಟೆ.

ಚಹಾ ತಂದ ಗೆಳೆಯ ಬಾಗಿಲಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ಆಮೇಲೆ ತಾಯಿಗೆ ಹೇಳಿದ: "ಹೌದಬೇ, ಆವತ್ತ ಸಿಗ್ನಲ್ ಇರಲಿಲ್ಲ."

ಕಪ್ಪು ನನ್ನ ಮುಂದಿಟ್ಟು "ಕುಡೀರಿ" ಎಂದ.