ಇಪ್ಪತ್ತು ನಿಮಿಷದ ಟ್ರ್ಯಾಕ್ಟರು

ವರ್ಲಾ ಟ್ವೇಟಳಿಗೆ ಎಪ್ಪತ್ತೆರಡು. ನಾರ್ತ್ ಡಕೋಟದ ಆ ಬಯಲಿನಲ್ಲಿ ಅವಳಂಥ ಹಟಮಾರಿ ಇನ್ನೊಬ್ಬಳಿರಲಿಲ್ಲ. ಗಂಡ ಬದುಕಿದ್ದಾಗಲೂ ಅವನು ಹಸುಗಳನ್ನು ನೋಡಿಕೊಂಡರೆ ಹುಲ್ಲು ಕೊಯ್ಯುತ್ತಿದ್ದವಳು ಇವಳೇ. ನಲವತ್ತೊಂದು ವರ್ಷ, ಒಂದೇ ಡೀಸೆಲ್ ಟ್ರ್ಯಾಕ್ಟರಿನಲ್ಲಿ. ಆದರೂ ಊರಿನವರ ಬಾಯಲ್ಲಿ ಅದು ಗಂಡನ ಟ್ರ್ಯಾಕ್ಟರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು?

ಆ ಜೂನ್‌ನಲ್ಲಿ ಟ್ರ್ಯಾಕ್ಟರು ಕೈಕೊಟ್ಟಿತು. ಇಪ್ಪತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಮೈದುನ ಆರ್ಡೆಲ್ ಬಂದವನು ಬಾನೆಟ್ ಕೂಡ ಎತ್ತದೆ ತೀರ್ಪು ಕೊಟ್ಟ.

"ಡೀಸೆಲ್ ಪಂಪ್ ಹೋಗಿದೆ ವರ್ಲಾ. ಈ ಮುದಿಗೊಡ್ಡಿಗೆ ಹೊಸ ಪಂಪ್ ಎಲ್ಲಿ ಸಿಗುತ್ತೆ? ಗುಜರಿಗೆ ಹಾಕು. ಹುಲ್ಲಿನ ಹೊಲ ನಾನು ನೋಡ್ಕೋತೀನಿ."

"ಮುದಿಗೊಡ್ಡು ಅಂದಿದ್ದು ಯಾರಿಗೆ, ಟ್ರ್ಯಾಕ್ಟರಿಗೋ ನಂಗೋ?"

"ಇಬ್ರಿಗೂ ಅನ್ಕೋ."

"ಹಾಗಾದ್ರೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಟ್ರೇಲರ್ ತಗೊಂಡ್ ಬಾ. ಅಷ್ಟರಲ್ಲಿ ಹೊಲ ಪೂರ್ತಿ ಕೊಯ್ದಿರದಿದ್ರೆ ಟ್ರ್ಯಾಕ್ಟರೂ ನಿಂದು, ಹೊಲಾನೂ ನಿಂದು."

ಅವನು ಹೋದ ಮೇಲೆ ಇಷ್ಟು ದೊಡ್ಡ ಪಣ ಕಟ್ಟಬಾರದಿತ್ತು ಅನ್ನಿಸಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಫಿಲ್ಟರ್ ಬದಲಾಯಿಸಿದಳು. ಟ್ಯಾಂಕಿನ ತಳದ ನೀರು ಬಸಿದಳು. ಕೊಳವೆ ಬಿಚ್ಚಿ ಊದಿದಳು, ಬಾಯಿ ತುಂಬ ಡೀಸೆಲ್ಲಾಯಿತು, ಉಗಿದು ಮತ್ತೆ ಊದಿದಳು. ಶುಕ್ರವಾರ ಸಂಜೆಗೂ ಅದೇ ಇಪ್ಪತ್ತು ನಿಮಿಷ.

ಶನಿವಾರ ಬೆಳಿಗ್ಗೆ ಆರಕ್ಕೇ ಹೊಲಕ್ಕಿಳಿದಳು. ಎರಡನೇ ಸುತ್ತಿಗೆ ಟ್ರ್ಯಾಕ್ಟರು ನಿಂತಿತು. ಸಿಟ್ಟಿನಿಂದ ಟ್ಯಾಂಕಿನ ಮುಚ್ಚಳವನ್ನೇ ತಿರುವಿದಳು. 'ಸುಸ್' ಎಂದಿತು.

ಆ ಸದ್ದು ಅವಳಿಗೆ ಹೊಸದಲ್ಲ. ಪ್ರತಿ ವರ್ಷ ಚೋಕ್‌ಚೆರಿ ಹಣ್ಣಿನ ಜೆಲ್ಲಿ ಕಾಯಿಸಿ ಗಾಜಿನ ಬಾಟಲಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಡುವ ಹೆಂಗಸು ಅವಳು. ಚಳಿಗಾಲದಲ್ಲಿ ಮುಚ್ಚಳ ತೆಗೆದಾಗ ಬಾಟಲಿ ಗಾಳಿ ಎಳೆದುಕೊಳ್ಳುವುದು ಹೀಗೆಯೇ. ಟ್ಯಾಂಕಿನೊಳಕ್ಕೆ ಗಾಳಿ ಹೋಗದಿದ್ದರೆ ಡೀಸೆಲ್ ಕೆಳಗಿಳಿಯುವುದಾದರೂ ಹೇಗೆ? ಮುಚ್ಚಳ ತಿರುಗಿಸಿ ನೋಡಿದಳು. ಗಾಳಿಯಾಡಲೆಂದು ಅದರಲ್ಲಿದ್ದ ಸಣ್ಣ ತೂತಿಗೆ ಬೂದುಬಣ್ಣದ ಅಂಟು ಮೆತ್ತಿತ್ತು.

ಅಂಟು ಯಾರದೆಂದು ಕೇಳಬೇಕಾಗಿರಲಿಲ್ಲ. ಗೋಧಿ ಕಟಾವಿನ ಹೊಟ್ಟಿನ ಧೂಳು ಒಳಗೆ ಹೋದೀತೆಂದು ಆರ್ಡೆಲ್ ಯಾವ ಯಂತ್ರದ ತೂತನ್ನೂ ಅಂಟು ಮೆತ್ತದೆ ಬಿಟ್ಟವನಲ್ಲ. ಹೋದ ವರ್ಷದ ಕಟಾವಿಗೆ ಈ ಟ್ರ್ಯಾಕ್ಟರನ್ನು ಕೇಳಿ ಒಯ್ದಿದ್ದವನೂ ಅವನೇ; ಆಮೇಲೆ ಈ ಜೂನ್‌ವರೆಗೆ ಅದು ಶೆಡ್ಡಿನಲ್ಲೇ ನಿಂತಿತ್ತು.

"ಪಂಪ್ ಹೋಗಿದೆಯಂತೆ! ನಿನ್ ತಲೆ!" ಎಂದು ಖಾಲಿ ಹೊಲಕ್ಕೆ ಕೇಳುವಂತೆ ಕೂಗಿ, ತಲೆಗೂದಲಿನ ಪಿನ್ನು ಕಿತ್ತು ತೂತು ಬಿಡಿಸಿದಳು. ಟ್ರ್ಯಾಕ್ಟರು ಹೊರಟಿತು. ಇಪ್ಪತ್ತು ನಿಮಿಷ ದಾಟಿತು, ಗಂಟೆ ದಾಟಿತು. ವರ್ಲಾಳ ಕಣ್ಣಲ್ಲಿ ನೀರು ಬಂತು, ಧೂಳಿನಿಂದಲ್ಲ, ಸಂತೋಷಕ್ಕೇ.

ಆರ್ಡೆಲ್ ಬೇಕೆಂದೇ ಅರ್ಧ ಗಂಟೆ ಮೊದಲು ಬಂದ. ಇನ್ನೆರಡು ಸುತ್ತು ಬಾಕಿಯಿತ್ತು. ಕೊಯ್ದ ಹುಲ್ಲು ತುಳಿಯುತ್ತ ಬಂದು ಅಡ್ಡ ನಿಂತ.

"ಪಂಪ್ ಹೆಂಗ್ ಸರಿಹೋಯ್ತು?"

"ಪಂಪಿಗೇನಾಗಿತ್ತು? ನೀನು ಮೆತ್ತಿದ್ದ ಅಂಟು ಕಿತ್ತೆ."

ಅವನ ಮುಖ ಕೆಂಪಾಯಿತು. ಟೋಪಿ ಸರಿಮಾಡಿಕೊಂಡ. "ಇಳಿ, ಉಳಿದಿದ್ದು ನಾನ್ ಕೊಯ್ತೀನಿ. ನಿಂಗೆ ಸುಸ್ತಾಗಿರುತ್ತೆ."

"ಆಗಿದೆ," ಎಂದಳು ವರ್ಲಾ, ಗೇರು ಹಾಕುತ್ತ. "ಪಕ್ಕಕ್ಕೆ ಸರಿ, ನನ್ನ ಹುಲ್ಲಿನ ಮೇಲೆ ನಿಂತಿದೀಯ."