ಗರಿಕೆ ಹೊದ್ದ ಟಾರ್ಪಾಲು

ನನಗೆ ನೀರೆಂದರೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಇವಳು ಸುಮ್ಮನೆ ಗಾಬರಿ ಬೀಳುವ ಹೆಂಗಸು ಎಂದು ಮೂಗು ಮುರಿಯುವುದು ಬೇಡ. ಗಾಬರಿ ಬೀಳುವ ಹೆಂಗಸೇ ಹೌದು. ಆದರೆ ಸುಮ್ಮನೆ ಅಲ್ಲ.

ನನ್ನ ತವರು ಬ್ಯಾಕೋಡಿನ ಕಡೆ. ಅಣೆಕಟ್ಟು ಕಟ್ಟಿ ಶರಾವತಿಯನ್ನು ನಿಲ್ಲಿಸಿದ ಮೇಲಿನ ಒಂದು ಮಳೆಗಾಲದಲ್ಲಿ ಅಪ್ಪನನ್ನು ನೋಡಿಕೊಂಡು ಬರಲು ಹೋಗಿದ್ದೆ. ನೀರು ಅಬ್ಬರಿಸಿಕೊಂಡು ಬರುತ್ತದೆ ಎಂದುಕೊಂಡಿದ್ದವಳು ನಾನು. ಅದು ಹಾಗೆ ಬರಲಿಲ್ಲ. ಬೆಳಿಗ್ಗೆ ಗದ್ದೆಯ ಬದುವಿನ ಹತ್ತಿರ ಇದ್ದದ್ದು ಸಂಜೆಗೆ ದನ ಮೇಯುವ ಬೇಣದ ಹುಲ್ಲಿನೊಳಗೆ ಸದ್ದಿಲ್ಲದೆ ನುಸುಳಿತ್ತು. ಒಂದು ಕಡೆ ಹುಲ್ಲಿನ ಹೆಪ್ಪು ಬೇರು ಸಮೇತ ಎದ್ದು ನೀರಿನ ಮೇಲೆ ಹಸಿರಾಗಿ ಹರಡಿಕೊಂಡಿತ್ತು. ಮನೆಯ ಕರು ಅದನ್ನು ನೆಲವೆಂದೇ ತಿಳಿದು ಕಾಲಿಟ್ಟಿತು. ಹುಲ್ಲು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಂಡಿತು. ಅಪ್ಪ ಹಗ್ಗ ಹಿಡಿದು ಓಡಿ ಬಂದಾಗ ಎಲ್ಲಿ ಬಿತ್ತು ಎಂದು ಬೆರಳು ತೋರಿಸಲು ನನಗೆ ಆಗಲಿಲ್ಲ. ಎಲ್ಲ ಕಡೆ ಒಂದೇ ಹಸಿರು.

ಅದಕ್ಕೇ, ನಮ್ಮನೆಯವರು ಹಿತ್ತಲಲ್ಲಿ ಕೊಳ ಮಾಡುತ್ತೇನೆಂದಾಗ ನಾನು ಬೇಡವೇ ಬೇಡ ಎಂದೆ.

ಇವರು ಸಾಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು. ಹುಡುಗರನ್ನು ನಗರ ಎಂಬ ಊರಿನ ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದವರು ಅಲ್ಲೇ ಹತ್ತಿರದಲ್ಲಿ ಅರಸರ ಕಾಲದ ಕೊಳಗಳನ್ನು ನೋಡಿ ಬಂದರು. ಬಂದ ದಿನದಿಂದ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ ಕೊಳ, ಎದ್ದರೆ ಕೊಳ. ನಮ್ಮ ಮನೆ ಇದ್ದದ್ದು ಊರ ಹೊರಗೆ, ಜಂಬಿಟ್ಟಿಗೆ ಗುಡ್ಡದ ಇಳಿಜಾರಿನಲ್ಲಿ. ಎರಡು ಕೊಡ ನೀರು ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಕುಡಿದುಬಿಡುವ ನೆಲ ಅದು.

"ಅರಸರಿಗೆ ಕಲ್ಲಿತ್ತು, ಆಳಿದ್ರು. ನಿಮಗೆ ಎಂತ ಉಂಟು?" ಎಂದೆ.

"ಟಾರ್ಪಾಲು ಉಂಟು" ಎಂದರು.

ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಲಾರಿಗೆ ಹೊದೆಸುವ ಹಳೆಯ ಟಾರ್ಪಾಲು ಎಲ್ಲಿಂದಲೋ ಗಾಡಿಯ ಮೇಲೆ ಬಂತು. ಬೇಸಿಗೆ ರಜೆಯಿಡೀ ಹಾರೆ, ಗುದ್ದಲಿ. ನಾನು ಇಳಿದು ನಿಂತರೆ ಎದೆಯವರೆಗೆ ಬರುವ ಹೊಂಡ. ಒಳಗೆ ಸುತ್ತಲೂ, ನೈದಿಲೆಯ ಕುಂಡ ಇಡುವುದಕ್ಕೆಂದು, ಒಂದು ಅಗಲವಾದ ಮೆಟ್ಟಿಲು. ಅದರ ಮೇಲೆಲ್ಲ ಟಾರ್ಪಾಲು ಹಾಸಿ, ಹೊಲಿಗೆಗೆ ಡಾಂಬರು ಬಳಿದು, ಅಂಚನ್ನು ದಡದ ಮೇಲೆ ಎಳೆದು ಮಣ್ಣಿನಲ್ಲಿ ಹುಗಿದರು. ನೀರು ನಿಂತಿತು. ಅದು ನಿಂತ ದಿನ ಇವರು ಅಂಗಳದಲ್ಲಿ ಕುಣಿಯುವುದೊಂದು ಬಾಕಿ.

ಹೊಂಡಕ್ಕೇನೋ ನಾನು ಹೇಗೋ ಹೊಂದಿಕೊಂಡೆ. ಹಿತ್ತಲ ಬಾಗಿಲಿಗೆ ಎತ್ತರದಲ್ಲಿ ಒಂದು ಚಿಲಕ ಹಾಕಿಸಿದೆ. ಮಗಳಿಗೆ ಆಗ ಇನ್ನೂ ಶಾಲೆಗೆ ಹಾಕುವ ವಯಸ್ಸಾಗಿರಲಿಲ್ಲ. ನಾವೆಲ್ಲ ಪುಟ್ಟಿ ಎಂದೇ ಕರೆಯುತ್ತಿದ್ದೆವು. ಕರಿ ಟಾರ್ಪಾಲಿನ ಅಂಚು ಸುತ್ತಲೂ ಎದ್ದು ಕಾಣುತ್ತಿತ್ತು. ಇಲ್ಲಿಂದ ಆಚೆ ನೀರು ಎಂದು ಮಗುವಿಗೂ ತಿಳಿಯುವಂತಿತ್ತು. ನನಗೆ ಆ ಕುರೂಪದಲ್ಲೇ ಸಮಾಧಾನ.

ಇವರಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. "ಅಂಚು ಕಂಡ್ರೆ ಅದು ಕೊಳ ಅಲ್ಲ ಮಾರಾಯ್ತಿ, ಟಾರ್ಪಾಲಿನ ಮೇಲೆ ನಿಂತ ನೀರು ಅಷ್ಟೆ. ನೋಡ್ದವ್ರಿಗೆ ನೆಲ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಗೊತ್ತೇ ಆಗ್ಬಾರ್ದು!"

"ಗೊತ್ತಾಗ್ಬೇಕು ರೀ! ಗೊತ್ತಾಗ್ದಿದ್ರೆ ಎಂತ ಗತಿ? ಮನೇಲಿ ಮಗು ಇಲ್ವಾ?"

"ನಿಂಗೆ ಚೊಂಬಿನ ನೀರು ಕಂಡ್ರೂ ಜ್ವರ ಬರುತ್ತೆ" ಎಂದು ನಕ್ಕರು. ಅತ್ತೆಯೂ ನಕ್ಕರು. ಮಗ ಮಾಡಿದ್ದೆಲ್ಲ ಅವರಿಗೆ ಚಂದವೇ. ನಾನು ಸಿಟ್ಟಿಗೆ ಪಾತ್ರೆಗಳನ್ನು ಧಡಧಡ ತೊಳೆದೆ. ಯಾರಿಗೆ ಕೇಳಿಸಬೇಕು?

ಮೂರು ಕಡೆ ಅಂಚಿಗೆ ಜಂಬಿಟ್ಟಿಗೆ ಕಲ್ಲು ಕೂರಿಸಿದರು. ಅಡುಗೆಮನೆಯ ಕಡೆಗೆ ಬರುವಷ್ಟರಲ್ಲಿ ಕಲ್ಲು ಮುಗಿಯಿತು. ಕಲ್ಲಿಲ್ಲದಿದ್ದರೆ ಸುಮ್ಮನಿರಬಾರದೇ? ಇಲ್ಲ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ತಂದು, ಅರ್ಧ ದಡದ ಮೇಲೆ, ಅರ್ಧ ನೀರಿನ ಮೇಲೆ ಚಾಚುವ ಹಾಗೆ ಒತ್ತೊತ್ತಾಗಿ ಜೋಡಿಸಿದರು. ಅದರ ಮೇಲೆ ಮಣ್ಣು. ಮಣ್ಣಿನ ಮೇಲೆ ಎಲ್ಲಿಂದಲೋ ಹೆಪ್ಪು ಹೆಪ್ಪಾಗಿ ಎತ್ತಿ ತಂದ ಗರಿಕೆ. ಗರಿಕೆಯೇ ಯಾಕೆಂದರೆ ಅದು ಬೇರು ಹೆಣೆದುಕೊಂಡು ಬೇಗ ಹಬ್ಬುತ್ತದೆ, ದೇವರಿಗೂ ಆಗುತ್ತದೆ. ಅತ್ತೆಗೆ ಈ ಮಾತು ಬಹಳ ಹಿಡಿಸಿತು.

ಮೊದಲ ಮಳೆಗೆ ಗರಿಕೆ ಹಬ್ಬಿತು ನೋಡಿ! ಟಾರ್ಪಾಲೂ ಇಲ್ಲ, ದಬ್ಬೆಯೂ ಇಲ್ಲ. ಹಿತ್ತಲ ಹುಲ್ಲು ಹಾಗೇ ನಡೆದುಕೊಂಡು ಹೋಗಿ ನೀರಿಗೆ ತಾಗಿದಂತಿತ್ತು. ಶಾಲೆಯ ಹೆಡ್‌ಮಾಸ್ತರು ಬಂದು ಸುತ್ತು ಹಾಕಿ, "ಇದರ ಅಂಚು ಎಲ್ಲಿದೆ ಮಾರಾಯ್ರೆ?" ಎಂದು ಕೇಳಿದರು. ಇವರ ಮುಖ ಆ ದಿನ ನೋಡಬೇಕಿತ್ತು. ಆ ಹಸಿರನ್ನು ನಾನು ಮೊದಲೇ ನೋಡಿದ್ದೆ.

ಆಷಾಢದಲ್ಲಿ ಮಳೆ ಬಿಟ್ಟ ಒಂದು ಹೊಳವು ದಿನ ಬಟ್ಟೆ ಒಣಗಿಸಲು ಹೋದವಳ ಎಡಗಾಲು ಆ ಗರಿಕೆಯಲ್ಲಿ ಮೊಣಕಾಲಿನವರೆಗೆ ಇಳಿದುಬಿಟ್ಟಿತು. ಕೆಳಗೆ ತಣ್ಣಗೆ ನೀರು ತಾಗಿದಾಗ ನಾನು ಕಿರುಚಿದ ಕಿರುಚಾಟಕ್ಕೆ ಬೀದಿಯವರು ಬಂದು ನಿಂತರು. ಇವರೂ ಓಡಿ ಬಂದರು. ಬಂದವರು ನೋಡಿದ್ದು ನನ್ನ ಕಾಲನ್ನಲ್ಲ, ತೂತನ್ನು. "ಎಷ್ಟು ಕಷ್ಟಪಟ್ಟು ಮಾಡಿದ್ದು, ನೋಡಿ ನಡೀಬಾರ್ದಾ?" ಎಂದು ನನ್ನ ಮೇಲೇ ಹಾರಾಡಿದರು. ಅದೇ ಸಿಟ್ಟಿನಲ್ಲಿ ಬಾಗಿಲಲ್ಲಿ ನಿಂತಿದ್ದ ಪುಟ್ಟಿಯ ಕಡೆ ತಿರುಗಿ, "ನೀನೂ ಕೇಳ್ಕೋ. ಈ ಅಂಚು ಹಾಳು ಮಾಡಿದ್ರೆ ಚರ್ಮ ಸುಲಿದುಬಿಡ್ತೀನಿ" ಎಂದರು. ಒಂದು ದಿನವೂ ಮಗುವಿನ ಮೇಲೆ ಕೈ ಎತ್ತಿದವರಲ್ಲ. ಆದರೆ ದನಿ ದೊಡ್ಡದು. ಪುಟ್ಟಿ ಕಣ್ಣರಳಿಸಿ ತಲೆಯಾಡಿಸಿದಳು. ಇವರು ನಾಲ್ಕು ದಬ್ಬೆ ಬದಲಾಯಿಸಿ, ಮತ್ತೆ ಗರಿಕೆ ಮುಚ್ಚಿದರು.

ಆಮೇಲೆ ನನಗೆ ನೆಮ್ಮದಿಯೆಂಬುದೇ ಇಲ್ಲ. ಒಲೆಯ ಮುಂದೆ ಕೂತರೂ ಕಿವಿ ಹಿತ್ತಲಲ್ಲಿ. ಮಗು ಒಂದು ಗಳಿಗೆ ಸುಮ್ಮನಾದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಹೋಗಿ ಚಿಲಕ ಮುಟ್ಟಿ ನೋಡಿ ಬರುತ್ತಿದ್ದೆ. ದಬ್ಬೆ ನೆನೆದು ಮೆತ್ತಗಾಗುತ್ತಿರುವುದು ನನಗೆ ಅಡುಗೆಮನೆಯಿಂದಲೇ ಗೊತ್ತಾಗುತ್ತಿತ್ತು ಎಂದರೆ ನೀವು ನಗಬಹುದು.

ಚೌತಿಯ ಬೆಳಿಗ್ಗೆ. ಇವರು ಗುಡಿಗಾರರ ಮನೆಯಿಂದ ಗಣಪತಿ ತರಲು ಹೋಗಿದ್ದರು. ಅತ್ತೆ ತಲೆಗೆ ಮಿಂದು, ಮಡಿಯುಟ್ಟು, ಗಣಪತಿ ಕೂರಿಸುವ ಮಂಟಪದ ಮೇಲೆ ಸೌತೆಕಾಯಿ, ಹಾಗಲಕಾಯಿ, ಮಾವಿನೆಲೆಗಳ ಫಲಾವಳಿ ಕಟ್ಟುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕಡುಬಿಗೆ ಹೂರಣ ತುಂಬುತ್ತಿದ್ದೆ. ಒಲೆಯ ಹೊಗೆ, ಬೆಲ್ಲದ ಪಾಕ, ಹೊರಗೆ ಯಾರ ಮನೆಯದೋ ಜಾಗಟೆ. ಆ ಗದ್ದಲದಲ್ಲಿ ಎಷ್ಟು ಹೊತ್ತು ನನ್ನ ಕಿವಿ ಹಿತ್ತಲನ್ನು ಮರೆತಿತ್ತೋ ಗೊತ್ತಿಲ್ಲ. ತಟ್ಟನೆ ನೆನಪಾಗಿ, "ಅತ್ತೆ, ಪುಟ್ಟಿ ನಿಮ್ಮತ್ರ ಇದಾಳಾ?" ಎಂದು ಕೂಗಿದೆ.

"ಗರಿಕೆ ತರಕ್ಕೆ ಕಳ್ಸಿದೀನಿ ಕಣೆ. ಅವ್ಳದ್ದೂ ಮಿಂದಾಗಿದೆ" ಎಂದರು ಅತ್ತೆ, ಏನೂ ಆಗದವರ ಹಾಗೆ. "ಚಿಲಕ ನಾನೇ ತೆಗ್ದುಕೊಟ್ಟೆ."

ಚೌತಿಗೆ ಗರಿಕೆ ಬೇಕು. ಇಡೀ ಹಿತ್ತಲಲ್ಲಿ ಎಳೆಯ, ಚಂದದ ಗರಿಕೆ ಇದ್ದದ್ದು ಒಂದೇ ಕಡೆ. ನಾವು ಅಷ್ಟೂ ಜನ ಸೇರಿ ಅದನ್ನು ಅಲ್ಲಿ ಬೆಳೆಸಿದ್ದೆವು. ಚೌತಿ ಬರುತ್ತದೆ ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಓಡಿದೆ. ಹಿತ್ತಲಲ್ಲಿ ಯಾರೂ ಇಲ್ಲ. "ಪುಟ್ಟೀ!" ಎಂದೆ. ಉತ್ತರವಿಲ್ಲ. ಕೊಳ ತುಂಬಿ ನಿಂತಿತ್ತು, ಒಂದು ಅಲೆಯಿಲ್ಲ. ಗರಿಕೆಯ ಅಂಚು ಉದ್ದಕ್ಕೂ ಹಸಿರಾಗಿ, ಇಡಿಯಾಗಿ, ಎಲ್ಲೂ ಹರಿಯದೆ ಇತ್ತು. ಅಲ್ಲಿ ಯಾರೂ ಬಿದ್ದಿಲ್ಲ ಎಂದು ಕಣ್ಣು ಹೇಳಿತು. ಆದರೆ ಅದರ ಪಕ್ಕದಲ್ಲಿ ಅತ್ತೆಯ ಹೂವಿನ ಬುಟ್ಟಿ ಇತ್ತು.

"ಪುಟ್ಟೀ! ಪುಟ್ಟೀ!" ಎಂದು ಮತ್ತೆ ಕೂಗಿದೆ. ಪಕ್ಕದ ಮನೆಗೆ ಹೋಗಿರಬಹುದು, ಬೇಲಿ ದಾಟಿರಬಹುದು ಎಂದು ಮನಸ್ಸು ಏನೇನೋ ಹೇಳುತ್ತಿತ್ತು. ಬೇಲಿಯ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟೆ. ದೇವರೇ, ಇನ್ನೆರಡು ಹೆಜ್ಜೆ ಇಟ್ಟಿದ್ದರೆ! ಯಾಕೆ ತಿರುಗಿ ನೋಡಿದೆನೋ ಗೊತ್ತಿಲ್ಲ. ಗಾಳಿ ಇರಲಿಲ್ಲ. ಆದರೂ ಒಂದು ಕಡೆ ಗರಿಕೆ, ಒಂದು ಮೊರದಷ್ಟು ಅಗಲ, ಸಣ್ಣಗೆ ಮೇಲೆದ್ದು ಇಳಿಯುತ್ತಿತ್ತು.

ಹೊಟ್ಟೆಯಡಿಯಾಗಿ ಬಿದ್ದು ಎರಡೂ ಕೈಯಿಂದ ಬಗೆದೆ. ಮಣ್ಣು, ಬೇರು, ಕೊಳೆತ ದಬ್ಬೆ ಕಿತ್ತು ಬಂತು. ಉಗುರು ಸೀಳಿದ್ದು ಆಮೇಲೆ ತಿಳಿದದ್ದು. ಕೆಳಗೆ ಕತ್ತಲಲ್ಲಿ ಪುಟ್ಟಿ! ಕುಂಡ ಇಡುವ ಮೆಟ್ಟಿಲಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ನೀರು ಗಲ್ಲಕ್ಕೆ ಬಂದಿದೆ. ಎರಡೂ ಅಂಗೈ ಮೇಲೆತ್ತಿ, ಆ ಒದ್ದೆ ಮಣ್ಣಿನ ಹೆಪ್ಪನ್ನು ಹಿಡಿದುಕೊಂಡಿದ್ದಾಳೆ. ತುಟಿ ನೀಲಿಗಟ್ಟಿದೆ. ಅವಳ ಹಿಂದೆ ಒಂದು ಗೇಣು ಜಾರಿದರೆ ಆಳ. ಟಾರ್ಪಾಲೋ ಪಾಚಿ ಹಿಡಿದು ಎಣ್ಣೆ ಹಚ್ಚಿದ ಹಾಗಿತ್ತು. ತೋಳು ಹಿಡಿದು ಎಳೆದವಳು ಅವಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟೆ. ಅಳು ಕೂಡ ಬರಲಿಲ್ಲ. ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಅವಳದೋ ನನ್ನದೋ ಹೇಳಲಾರೆ.

ಅಷ್ಟರಲ್ಲಿ ಜಾಗಟೆಯ ಸದ್ದಿನೊಂದಿಗೆ ಇವರು ಬಂದರು. ಒಳಗೆ ಯಾರೂ ಕಾಣದೆ, ಆಗಷ್ಟೇ ಹೊರಗೆ ಓಡಿ ಬಂದಿದ್ದ ಅತ್ತೆಯ ಚೀರಾಟ ಕೇಳಿ, ಮಣೆಯ ಮೇಲಿನ ಗಣಪತಿಯನ್ನು ಎತ್ತಿಕೊಂಡೇ ಹಿತ್ತಲಿಗೆ ಬಂದುಬಿಟ್ಟರು. ಬಗೆದುಹೋದ ಅಂಚು, ಕೆಸರಾದ ನಾನು, ನೀಲಿ ತುಟಿಯ ಮಗು, ಎಲ್ಲ ಒಟ್ಟಿಗೆ ಕಂಡಿತು. ಮನೆಗೆ ತಂದ ಗಣಪತಿಯನ್ನು ಮಂಟಪದಲ್ಲಲ್ಲದೆ ನೆಲದ ಮೇಲೆ ಇಡುವ ಹಾಗಿಲ್ಲ. ಬೀಳಿಸುವ ಹಾಗಂತೂ ಇಲ್ಲವೇ ಇಲ್ಲ. ಎರಡು ಕೈಯಲ್ಲೂ ಮಣೆ ಹಿಡಿದು ಕಂಬದ ಹಾಗೆ ನಿಂತರು. ಕೊನೆಗೆ ಅತ್ತೆಯೇ ಬಂದು ಅದನ್ನು ತೆಗೆದುಕೊಂಡು ಒಳಗೆ ಹೋದರು.

ಇವರು ಹತ್ತಿರ ಬಂದು ಮಂಡಿಯೂರಿ ಕೂತರು. ಪುಟ್ಟಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ಚಳಿಗೆ ಎಂದುಕೊಂಡೆ.

"ಪುಟ್ಟಿ, ಯಾಕೆ ಕೂಗ್ಲಿಲ್ಲ ಮಗಳೇ? ಅಮ್ಮ ಕರೆದಿದ್ದು ಕೇಳಿಸ್ಲಿಲ್ವಾ?" ಇವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೇಳಿಸ್ತು."

"ಮತ್ತೆ?"

ಅವಳು ಸೆರಗು ಸರಿಸಿ, ಕಿತ್ತುಹೋದ ಗರಿಕೆಯ ಕಡೆ ಕಳ್ಳನೋಟ ನೋಡಿ, "ಅಂಚು ಮುರಿದೋಯ್ತು ಅಪ್ಪ. ನೀನು ಬರೋದ್ರೊಳಗೆ ಸರಿ ಮಾಡ್ತಿದ್ದೆ. ಅಮ್ಮನೇ ಕಿತ್ತಿದ್ದು" ಎಂದಳು. ಇವರೂ ಆ ಕಡೆ ತಿರುಗಿದ್ದನ್ನು ಕಂಡು ಅವಳಿಗೆ ಇನ್ನೂ ಹೆದರಿಕೆಯಾಗಿರಬೇಕು. ಬಿಕ್ಕುತ್ತಾ ಕೇಳಿದಳು: "ನಾನು ಎತ್ತಿ ಹಿಡ್ಕೊಂಡಿದ್ನಲ್ಲ, ಆಗ ಹೊರಗಿಂದ ಏನೂ ಕಾಣ್ತಿರ್ಲಿಲ್ಲ, ಅಲ್ದಾ?"

ಇವರು ಹೆಗಲ ಶಲ್ಯ ತೆಗೆದು ಅವಳ ಒದ್ದೆ ತಲೆಗೆ ಹೊದೆಸಿದರು.

"ಇಲ್ಲ ಪುಟ್ಟಿ" ಎಂದು ನಾನೇ ಹೇಳಿದೆ. "ಏನೂ ಕಾಣ್ತಿರ್ಲಿಲ್ಲ."